ಮೂರಕ್ಷರದ ಕಾಡು

ಬೆಳಗಾವಿಯ ಯಾವುದೋ ಕಾರ್ಖಾನೆಯಲ್ಲಿ ಪಗಾರದ ಚೀಟಿ ಕಂಪ್ಯೂಟರಿನಿಂದ ಅಚ್ಚಾಗಿ ಬರುತ್ತದೆಂದು ಕ್ಲಬ್ಬಿನಲ್ಲಿ ಯಾರೋ ಹೇಳಿದರಂತೆ. ಮರುದಿನ ಮುಂಜಾನೆ ನಮ್ಮ ಮ್ಯಾನೇಜರ್ ಸಾಹೇಬರು ನನ್ನ ಟೈಪ್‌ರೈಟರಿನ ಮೇಲೆ ಕೈಯಿಟ್ಟು, "ಸಾಕಿನ್ನ ಈ ಖಟಖಟಿ. ನಾವೂ ಕಂಪ್ಯೂಟರ್ ಮಾಡಸೂಣು" ಎಂದರು. ಮಗಳ ಲಗ್ನಕ್ಕೆ ಸೂಟು ಹೊಲಿಸುವವರ ಹುರುಪು ಅವರ ದನಿಯಲ್ಲಿತ್ತು. ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. ಅವರನ್ನು ಏನಾದರೂ ಕೇಳುವ ರೂಢಿ ನಮ್ಮ ಆಫೀಸಿನಲ್ಲಿ ಇರಲಿಲ್ಲ.

ನಮ್ಮದು ದಾಂಡೇಲಿಯ ಒಂದು ಕಟ್ಟಿಗೆ ಕಂಪನಿ. ಕಾಡಿನಲ್ಲಿ ಮರ ಬೀಳಿಸಿ, ಬಿದಿರು ಕಡಿಸಿ, ಲಾರಿ ತುಂಬಿ ಕಾರ್ಖಾನೆಗಳಿಗೆ ಮುಟ್ಟಿಸುವುದು ಕೆಲಸ. ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಡಿಪೋಗಳಿದ್ದವು. ನಾನು ಧಾರವಾಡದಿಂದ ಲಗ್ನವಾಗಿ ಬಂದವಳು. ಗಂಡನಿಗೆ ಕಾಗದದ ಮಿಲ್ಲಿನಲ್ಲಿ ಪಾಳಿ ಕೆಲಸ, ನನಗೆ ಈ ಕಂಪನಿಯಲ್ಲಿ ಟೈಪಿಸ್ಟ್ ಕೆಲಸ. ಅಂಬೇವಾಡಿಯಲ್ಲಿ ಮನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಆಗ ಕಂಪ್ಯೂಟರೆಂದರೆ ಇಡೀ ಖೋಲಿ ತುಂಬಿಕೊಂಡು ಕೂಡುವ ಯಂತ್ರ. ಅದನ್ನು ಕೊಳ್ಳುವ ತಾಕತ್ತು ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಯಂತ್ರ ಇಟ್ಟುಕೊಂಡು ಊರವರ ಕೆಲಸ ಮಾಡಿಕೊಡುವ ಬ್ಯೂರೋಗಳು ದೊಡ್ಡ ಊರುಗಳಲ್ಲಿದ್ದವು. ನಾವು ಹಾಜರಿಯ ಹಾಳೆ ಕಳಿಸಬೇಕು. ಅವರು ಅದನ್ನು ದಪ್ಪ ಕಾರ್ಡುಗಳಲ್ಲಿ ತೂತು ಕೊರೆದು ಯಂತ್ರಕ್ಕೆ ತಿನ್ನಿಸಿ, ಪ್ರತಿಯೊಬ್ಬನ ಹೆಸರಿನ ಚೀಟಿ ಅಚ್ಚು ಹಾಕಿ ಕಳಿಸುತ್ತಾರೆ. ಯಂತ್ರ ಅವರದು, ಮಂದಿ ನಮ್ಮವರು. ಹಾಗಾಗಿ ಯಾವ ಬ್ಯೂರೋ ಅಂತ ಆರಿಸುವುದೇ ಆ ವರ್ಷ ಕಂಪನಿಯ ದೊಡ್ಡ ಕೆಲಸವಾಯಿತು.

ಮೊದಲು ಹುಬ್ಬಳ್ಳಿಗೆ ಹೋದೆವು. ಜೀಪಿನಲ್ಲಿ ಸಾಹೇಬರು, ಲೆಕ್ಕದ ಸಾಹೇಬರು, ಹಿಂದೆ ಟಿಪ್ಪಣಿ ಬರೆದುಕೊಳ್ಳಲು ನಾನು. ಬ್ಯೂರೋ ಒಂದು ಅರಿವೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಯಂತ್ರ ಬೇರೆಯವರು ವಾಪರಿಸಿ ಬಿಟ್ಟ ಹಳೆಯದು. ಮಾಲಕರು ಸಣಕಲು ಮನುಷ್ಯ, ಮಾತಿನಲ್ಲಿ ಸ್ವಲ್ಪ ತೊದಲು. ನಮಗೆ ಗಿರ್ಮಿಟ್ ತರಿಸಿ, ಚಹಾ ಕೊಟ್ಟು, ಒಂದೊಂದು ಭಾಗವನ್ನೂ ಒರೆಸಿ ಒರೆಸಿ ತೋರಿಸಿದರು.

"ಲೈಟ್ ಹೋದ್ರ ಏನ್ ಮಾಡ್ತೀರಿ?" ಎಂದರು ಸಾಹೇಬರು.

"ನಿ... ನಿಲ್ಲಸ್ತೇವ್ರಿ. ಬಂದ ಮ್ಯಾಲೆ ಮತ್ತ ಶು... ಶುರು ಮಾಡ್ತೇವಿ."

"ಅಂದ್ರ ಯಂತ್ರಾನೂ ನಿಮ್ಮಂಗ ನಿಂತು ನಿಂತು ಮಾತಾಡ್ತೈತಿ ಅನ್ರಿ."

ಲೆಕ್ಕದ ಸಾಹೇಬರು ಗಿರ್ಮಿಟ್ ನೆತ್ತಿಗೇರಿಸಿಕೊಂಡು ನಕ್ಕರು. ಕಾರ್ಡು ಕೊರೆಯುತ್ತಿದ್ದ ಹುಡುಗಿಯರು ತಲೆ ತಗ್ಗಿಸಿದರು. ಮಾಲಕರೂ ನಕ್ಕರು, ಅದನ್ನು ನನಗೆ ನೋಡಲಾಗಲಿಲ್ಲ. ನಕ್ಕು ಮುಗಿಸಿ ಅವರು ಒಂದು ಮಾತು ಕೇಳಿದರು: "ನಿಮ್ಮ ಹಾಜರಿ ಮ... ಮಸ್ಟರ್ ಯಾವ ಭಾಷಾದಾಗ ಬರೀತಾರ್ರಿ? ಷರಾ ತಿಳ್ಯಾವ್ರು ಬೇಕಾಗ್ತೈತಿ."

"ಯಂತ್ರಕ್ಕ ಎಲ್ಲೀ ಭಾಷಾರೀ?" ಎಂದು ಸಾಹೇಬರು ಎದ್ದುಬಿಟ್ಟರು. ಧಾರವಾಡ ದಾಟಿ ಹಳಿಯಾಳ ಬರುವ ತನಕ ಜೀಪಿನಲ್ಲಿ ಆ ಮನುಷ್ಯನ ತೊದಲನ್ನು ಆಡಿ ತೋರಿಸುತ್ತ ಬಂದರು. ಒಬ್ಬರ ಮನೆಯ ಚಹಾ ಹೊಟ್ಟೆಯಲ್ಲಿರುವಾಗಲೇ ಅವರನ್ನು ಅಣಕಿಸುವುದಕ್ಕೆ ಬೇರೆಯದೇ ಜಾತಿಯ ಹೊಟ್ಟೆ ಬೇಕು.

ನನಗಂತೂ ಹುಬ್ಬಳ್ಳಿಯೇ ಆಗಲಿ ಎಂದಿತ್ತು. ದೊಡ್ಡ ಕಾರಣವೇನಿಲ್ಲ. ಹಾಳೆ ಮುಟ್ಟಿಸುವ ನೆವದಲ್ಲಿ ಅಕ್ಕನ ಮನೆಗೆ ಹೋಗಿ ಬರಬಹುದಿತ್ತು.

ಪುಣೆಗೆ ಸಾಹೇಬರಿಬ್ಬರೇ ಹೋದರು. ಬಂದವರು ಯಾತ್ರೆ ಮುಗಿಸಿದವರ ಹಾಗೆ ಹೊಳೆಯುತ್ತಿದ್ದರು. "ಏನ್ ಥಂಡಿ ಅಂತೀರಿ ಒಳಗ! ಬೂಟ್ ಬಿಟ್ಟು ಹೋಗಬೇಕು, ಗುಡಿಯಂಗ. ಬಿಳೇ ಕೋಟಿನ ಮಂದಿ. ಯಾರೂ ಜೋರಾಗಿ ಮಾತಾಡೂದಿಲ್ಲ." ಹುಬ್ಬಳ್ಳಿಯನ್ನೂ ಪುಣೆಯನ್ನೂ ಅಕ್ಕಪಕ್ಕ ಇಟ್ಟು ತೂಗಿದ ಟಿಪ್ಪಣಿಯನ್ನು ನನ್ನಿಂದಲೇ ಟೈಪ್ ಮಾಡಿಸಿದರು. ಪುಣೆಯ ಕಡೆ ಥಂಡಿಯೂ ಬಿಳೇ ಕೋಟೂ ಇಂಗ್ಲಿಷಿನಲ್ಲಿ ಬಹಳ ಘನವಾಗಿ ಕಾಣಿಸಿದವು. ಹುಬ್ಬಳ್ಳಿಯ ಕಡೆ "ಮಾಲಕರ ವ್ಯಕ್ತಿತ್ವ ಸಮಾಧಾನಕರವಾಗಿಲ್ಲ" ಎಂದು ಬರೆಸಿದರು. ಪುಣೆ ಖಾಯಂ ಆಯಿತು.

ಪುಣೆಯವರ ಷರತ್ತುಗಳು ಬಂದವು. ಹಾಜರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಷರಾ ಕಾಲಮ್ಮಿನಲ್ಲಿ ಮೂರಕ್ಷರ ಮೀರಬಾರದು, ಕಾರ್ಡಿನಲ್ಲಿ ಅಷ್ಟೇ ಜಾಗ. ಕೆಲಸ ಮುಗಿದ ಕಾರ್ಡುಗಳನ್ನು ಡಬ್ಬಿಗಳಲ್ಲಿ ವಾಪಸು ಕಳಿಸುತ್ತೇವೆ, ಅವುಗಳನ್ನು ತೇವ ತಗಲದ ಒಣ ಖೋಲಿಯಲ್ಲಿ ಇಟ್ಟು, ಬೆಚ್ಚಗಿರಲು ಹಗಲು ರಾತ್ರಿ ಒಂದು ಬಲ್ಬು ಉರಿಸಬೇಕು. ಬೆಂಕಿ, ಧೂಳು ಹತ್ತಿರ ಸುಳಿಯಬಾರದು.

ಈ ಮೂರಕ್ಷರದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಸೂಪಾದಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ನೀರು ನಿಲ್ಲುವ ಮೊದಲು ಮುಳುಗಡೆಯ ಕಾಡು ಬೋಳಿಸುವ ಅವಸರ. ನಮ್ಮ ಜೋಯಿಡಾ ಡಿಪೋದ ಗ್ಯಾಂಗುಗಳು ಒಳಗೇ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಇರುತ್ತಿದ್ದವು. ದಿನಾ ಡಿಪೋಕ್ಕೆ ಬಂದು ಹಾಜರಿ ಹಚ್ಚುವುದು ಆಗದ ಮಾತು. ಅದಕ್ಕೆ ಡಿಪೋದ ಗುಮಾಸ್ತರು ಅಂಥವರ ಹೆಸರಿನ ಮುಂದೆ ಷರಾ ಕಾಲಮ್ಮಿನಲ್ಲಿ "ಕಾಡ" ಎಂದು ಬರೆಯುತ್ತಿದ್ದರು. ಮನುಷ್ಯ ಕಾಡಿನೊಳಗೆ ಕೆಲಸದ ಮೇಲಿದ್ದಾನೆ, ಹಾಜರಿ ಪೂರ್ತಿ ಹಿಡಿಯಿರಿ ಎಂದು ಅದರ ಅರ್ಥ. ಆ ಎರಡಕ್ಷರ ಇದ್ದರೆ ಮುಂದೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಪುಣೆಯ ಹಾಳೆಗಳಲ್ಲಿ ಅದೇ ಷರಾ ಇಂಗ್ಲಿಷಿನ ಕೆ, ಎ, ಡಿ ಆಯಿತು. ಸರಿಯಾಗಿ ಮೂರಕ್ಷರ. ಗುಮಾಸ್ತರಿಗೆ ಭಾಳ ಖುಷಿ.

ಜೋಯಿಡಾ ಗ್ಯಾಂಗನ್ನು ನಡೆಸುವ ಮುಕಾದಮ ಹಳಿಯಾಳ ಕಡೆಯ ಸಿದ್ದಿ, ಹಿಂದೆಂದೋ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಯಾದ ಕರಿಮೈಯ ಕುಲದವನು. ಎತ್ತರದ ಆಳು, ನಕ್ಕರೆ ಡಿಪೋದ ತಗಡು ನಡುಗಬೇಕು. ಗ್ಯಾಂಗಿನಲ್ಲಿ ಬಹಳ ಮಂದಿ ಅವನ ಕುಲದವರೇ. ಮರ ಯಾವ ಕಡೆ ಬೀಳುತ್ತದೆಂದು ಹೇಳಿ ಆ ಕಡೆಯೇ ಬೀಳಿಸುತ್ತಿದ್ದ. ಕೆಲಸ ನಡುವೆ ತುಂಡಾಗದೆ ಇಂತಿಷ್ಟು ಕಾಲ ನಡೆದರೆ ಕಾಡಿನ ಕೂಲಿಗಳನ್ನೂ ಪರ್ಮನೆಂಟ್ ಮಾಡಬೇಕೆಂದು ಯೂನಿಯನ್ನಿನವರು ಆಗಷ್ಟೇ ಕಂಪನಿಯಿಂದ ಒಪ್ಪಿಗೆ ಬರೆಸಿಕೊಂಡಿದ್ದರು. ಅವನ ಗ್ಯಾಂಗೇ ಮೊದಲು. ಪರ್ಮನೆಂಟ್ ಆದರೆ ಅಂಬೇವಾಡಿಯಲ್ಲಿ ಆಫೀಸಿನ ಹತ್ತಿರವೇ ಕಂಪನಿಯ ಹೊಸ ಚಾಳದಲ್ಲಿ ಒಂದು ಖೋಲಿ: ಸಿಮೆಂಟಿನ ನೆಲ, ಒರಲೆ ಹತ್ತದ ಗೋಡೆ, ಮುಂದೆಯೇ ನಳ. ಅವನ ಹೆಂಡತಿ ಲಗ್ನವಾದಾಗಿನಿಂದ ಗ್ಯಾಂಗಿನ ಹಿಂದೆ ಗುಡಿಸಲು ಹೊತ್ತು ತಿರುಗಿದವಳು. ಆಕೆಗೆ ಪರ್ಮನೆಂಟ್ ಎಂಬ ಶಬ್ದ ಬೇಕಿರಲಿಲ್ಲ, ಆ ಖೋಲಿ ಬೇಕಿತ್ತು. ಸಂತೆಗೆ ಬಂದಾಗಲೆಲ್ಲ ಚಾಳದ ಮುಂದೆ ನಿಂತು ನೋಡಿ ಹೋಗುತ್ತಿದ್ದಳು.

ಆ ವರ್ಷ ದಸರೆಯ ಖಂಡೆ ಪೂಜೆಯಲ್ಲಿ ಕೊಡಲಿ, ಗರಗಸ, ಲಾರಿಗಳ ಜೊತೆ ಒಂದು ಕಾರ್ಡಿಗೂ ಪೂಜೆಯಾಯಿತು. ಪುಣೆಯವರು ಮಾದರಿಗೆಂದು ಕೊರೆದು ಕಳಿಸಿದ ಕಾರ್ಡು ಅದು. ಜೋಯಿಡಾ ಮಸ್ಟರಿನ ಮೊದಲ ಹೆಸರು ಮುಕಾದಮನದಾದ್ದರಿಂದ ಕಾರ್ಡಿನ ತಲೆಯ ಮೇಲೆ ಅವನ ಹೆಸರೇ ಅಚ್ಚಾಗಿತ್ತು. ಭಟ್ಟರು ಹಸಿ ಕುಂಕುಮ ಹಚ್ಚಿ ಹೂವಿಟ್ಟರು. ತೂತಿನೊಳಗೆ ಕುಂಕುಮ ತುಂಬಿಕೊಂಡಿತು. ಪೇಢೆ ಹಂಚಿದ ಮೇಲೆ ಸಾಹೇಬರು ಎಲ್ಲರ ಎದುರಿಗೆ ಮುಕಾದಮನನ್ನು ಕರೆದು, "ಹೊಸಾ ವರ್ಷಕ್ಕ ನೀ ಪರ್ಮನೆಂಟ್. ತಗೋ" ಎಂದು ಖೋಲಿಯ ಚಾವಿ ಕೈಗಿಟ್ಟರು. ಚಪ್ಪಾಳೆಯಾಯಿತು. ಸಾಹೇಬರಿಗೆ ಚಪ್ಪಾಳೆ ಬಹಳ ಸೇರುತ್ತಿತ್ತು. ಮುಕಾದಮ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡು ಮತ್ತೆ ಕಾಡಿಗೆ ಹೋದ.

ಅವನ ಹೆಂಡತಿ ಹೊಸ ವರ್ಷದ ತನಕ ಕಾಯಲಿಲ್ಲ. ತಮ್ಮ ಹಳ್ಳಿಯ ಕೆರೆಯ ಮಣ್ಣನ್ನು ಬುಟ್ಟಿಯಲ್ಲಿ ಬಸ್ಸಿನ ಮೇಲೆ ಹೇರಿಸಿಕೊಂಡು ಬಂದಳು. ಸಿಮೆಂಟಿನ ನೆಲ ತೊಳೆದಳು, ಮೂಲೆಯಲ್ಲಿ ಎರಡು ಬಾಯಿಯ ಒಲೆ ಹಾಕಿದಳು. ನಾನು ಕೆಲಸ ಬಿಟ್ಟು ಮನೆಗೆ ಹೋಗುವ ದಾರಿ ಅದೇ. ಕರೆದು ತೋರಿಸಿದಳು. "ಇದನ್ನ ಇನ್ನ ಒಡ್ಯಾಂಗಿಲ್ಲ ನೋಡ್ರಿ ಬಾಯಾರ. ಇಲ್ಲೀಮಟ ಎಷ್ಟ್ ಒಲಿ ಹಾಕೇನಿ, ಎಷ್ಟ್ ಒಡದೇನಿ, ಆ ದೇವರಿಗೇ ಗೊತ್ತು." ಒಲೆ ಒಣಗಿದ ಮೇಲೆ ಹೊತ್ತಿಸಿ ಹಾಲು ಉಕ್ಕಿಸುವುದು, ನಾನು ಬರಬೇಕು ಎಂದು ಮಾತಾಯಿತು.

ಪುಣೆಯಿಂದ ಮೊದಲ ಸಲ ಚೀಟಿಗಳ ಪೆಟ್ಟಿಗೆ ಬಂದಾಗ ಹಳಿಯಾಳದವರ ಚೀಟಿ ಇದ್ದವು, ಮುಂಡಗೋಡದವರವೂ ಇದ್ದವು. ಜೋಯಿಡಾದಲ್ಲಿ ಡಿಪೋದ ಆಳುಗಳದು ಬಿಟ್ಟರೆ ಕಾಡಿನ ಗ್ಯಾಂಗಿನ ಒಬ್ಬನ ಚೀಟಿಯೂ ಇರಲಿಲ್ಲ. ಗುಮಾಸ್ತರು ಪೆಟ್ಟಿಗೆ ಬೋರಲು ಹಾಕಿ ಬಡಿದರು. ಗ್ಯಾಂಗಿನವರ ಪಗಾರವನ್ನು ಆ ಸಲ ಚೀಟಿಯಿಲ್ಲದೆ ಕೈಯಲ್ಲೇ ಕೊಟ್ಟರು, ಹಾಗಾಗಿ ಗದ್ದಲವಾಗಲಿಲ್ಲ. ಏನಾಯಿತೆಂದು ನೋಡಲು ಪುಣೆಯಿಂದ ಒಬ್ಬ ಸೂಪರ್‌ವೈಜರ್ ಬಂದ. ನಯವಾದ ಹುಡುಗ, ಕೆಟ್ಟವನಲ್ಲ. ಸಾಹೇಬರ ಕ್ಯಾಬಿನ್ನಿನಲ್ಲಿ ಹಾಳೆ ಬಿಚ್ಚಿ, ಷರಾ ಕಾಲಮ್ಮಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ.

"ಬಾಈ, ತುಮ್ಹೀಚ ಲಿಹಿಲಂತ ನಾ, ಕಾಢ ಮ್ಹಣೂನ?"

ನೀವೇ ಬರೆದೀರಲ್ಲ, ತೆಗೆ ಅಂತ. ಮರಾಠಿಯಲ್ಲಿ ಕಾಢ ಅಂದರೆ ತೆಗೆ, ಹೊರಗೆ ಹಾಕು. ಇಂಗ್ಲಿಷಿನ ಮೂರಕ್ಷರದಲ್ಲಿ ನಮ್ಮ ಕಾಡೂ ಅವರ ಕಾಢವೂ ಒಂದೇ. ಕಾರ್ಡು ಕೊರೆಯುವ ಪುಣೆಯ ಹೆಣ್ಣುಮಗಳು ಹೆಸರು ಓದಿದಳು, ಮುಂದೆ "ತೆಗೆ" ಎಂದಿತ್ತು, ತೆಗೆದಳು. ಕಾಡಿನಲ್ಲಿ ಇದ್ದೇನೆ ಎಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಕ್ಕಿ ಕಂಪನಿಯಿಂದ ಹೊರಗೆ ಹಾಕಿದ್ದಳು.

ಕ್ಯಾಬಿನ್ನಿನಲ್ಲಿ ನಗೆಯೋ ನಗೆ. ಲೆಕ್ಕದ ಸಾಹೇಬರು ಕಣ್ಣೊರೆಸಿಕೊಂಡರು. ನನಗೂ ಮೊದಲು ನಗೆಯೇ ಬಂತು. ತಪ್ಪು ಅಷ್ಟು ಚಂದವಾಗಿತ್ತು. ಸಾಹೇಬರು ನಗುತ್ತಲೇ ಕೇಳಿದರು, ಇವರನ್ನೆಲ್ಲ ಮತ್ತೆ ಒಳಗೆ ಹಾಕಲು ಎಷ್ಟು ಹೊತ್ತು ಬೇಕು? ಹುಡುಗ ಹೇಳಿದ: ತೆಗೆದ ಕಾರ್ಡು ನಮ್ಮ ಹತ್ತಿರವೇ ಇವೆ, ಒಂದು ಟ್ರಂಕ್ ಕಾಲ್ ಮಾಡಿದರೆ ಸಂಜೆಯೊಳಗೆ ಸೇರಿಸುತ್ತಾರೆ, ಕೆಲಸ ನಡುವೆ ತುಂಡಾದದ್ದೂ ಕಾಣುವುದಿಲ್ಲ.

ತುಂಡು ಎಂಬ ಮಾತು ಕಿವಿಗೆ ಬಿದ್ದೊಡನೆ ಸಾಹೇಬರ ನಗೆ ನಿಂತಿತು. ಲೆಕ್ಕದ ಸಾಹೇಬರ ಮುಖ ನೋಡಿದರು, ಅವರು ಇವರ ಮುಖ ನೋಡಿದರು.

"ಅವಸರಿಲ್ಲ" ಎಂದರು ಸಾಹೇಬರು. "ಊಟಾ ಮಾಡೂಣು ಬರ್ರಿ."

ಊಟವಾಯಿತು, ಹುಡುಗ ಪುಣೆಗೆ ಹೋದ, ಟ್ರಂಕ್ ಕಾಲ್ ಹೋಗಲಿಲ್ಲ. ಗ್ಯಾಂಗಿನವರನ್ನೆಲ್ಲ ಹೊಸದಾಗಿ ಸೇರಿಸಿಕೊಂಡಂತೆ ಹೊಸ ಟೋಕನ್ ಕೊಡಲು ಹುಕುಂ ಬಂತು. ಅದೇ ಕೊಡಲಿ, ಅದೇ ಕಾಡು. ಕೆಲಸ ಮಾತ್ರ ಮೊದಲಿನಿಂದ ಶುರು. ಪರ್ಮನೆಂಟಿನ ಮಾತು ಅಲ್ಲಿಗೆ ಸತ್ತಿತು. ಹೊಸ ಹಾಳೆಗಳಲ್ಲಿ ಷರಾ ಬೇರೆ ಬರೆಯಬೇಕೆಂದು ಗುಮಾಸ್ತರಿಗೆ ಜತನದಿಂದ ತಿಳಿಸಿದರು. ಆಫೀಸಿನಲ್ಲಿ ಅದೊಂದು ಚೇಷ್ಟೆಯಾಯಿತು. ಯಾರಾದರೂ ತಡವಾಗಿ ಬಂದರೆ "ಇವನ್ನ ಕಾಡ್ ಮಾಡ್ರಿ" ಎಂದು ಹಲ್ಲು ಕಿಸಿಯುತ್ತಿದ್ದರು.

"ಹುಬ್ಬಳ್ಳಿಯವ್ರಿಗೆ ಕೊಟ್ಟಿದ್ರ ಹಿಂಗಾಗ್ತಿರಲಿಲ್ಲ ಬಿಡ್ರಿ" ಎಂದು ಲೆಕ್ಕದ ಸಾಹೇಬರು ಒಮ್ಮೆ ಬಾಯಿ ತಪ್ಪಿ ಅಂದರು.

"ಹುಬ್ಬಳ್ಳಿ ಆಗಿದ್ರ ಇಷ್ಟೊತ್ತಿಗೆ ಬಸ್ ಹತ್ತಿ ಹೋಗಿ ಆ ತೊದಲನ ಮುಂದ ಕೂಡ್ತಿದ್ರು ಗ್ಯಾಂಗಿನವ್ರೆಲ್ಲಾರೂ. ಬ್ಯೂರೋ ದೂರ ಇದ್ದಷ್ಟೂ ಚಲೋ. ಬೈಯಾಕ ಯಾರ ಕೈಗೂ ಸಿಗೂದಿಲ್ಲ" ಎಂದರು ಸಾಹೇಬರು. ಬ್ಯೂರೋ ಆರಿಸುವ ವಿದ್ಯೆ ಅವರಿಗೆ ಅಷ್ಟರಲ್ಲಿ ಪೂರ್ತಿ ಕೈವಶವಾಗಿತ್ತು.

ಮುಕಾದಮ ಕಾಡಿನಿಂದ ಬಂದ ದಿನ ಆಫೀಸಿನ ವರಾಂಡದಲ್ಲಿ ನಾನೇ ಅವನಿಗೆ ಎಲ್ಲ ಹೇಳಿದೆ, ಟ್ರಂಕ್ ಕಾಲಿನ ಮಾತನ್ನೂ ಸೇರಿಸಿ. ಕೇಳಿ ಅವನು ತಗಡು ನಡುಗುವ ಹಾಗೆ ನಕ್ಕ. "ನಮ್ಮ ಮನಿ ಕೊಂಕಣಿಯಾಗೂ ಕಾಡ್ ಅಂದ್ರ ತಗಿ ಅಂತ್ರಿ ಬಾಯಾರ. ಇಷ್ಟ ದಿನ ಗುಮಾಸ್ತರು ಬರ್ಯೂದು ನೋಡಿ ನಾವೂ ನಗತಿದ್ವಿ. ಖರೇ ತಗೀತಾರಂತ ಯಾರಿಗೆ ಗೊತ್ತಿತ್ತು?" ನಕ್ಕದ್ದು ಮುಗಿದ ಮೇಲೆ ಅವನ ಮುಖ ನೋಡುವ ಹಾಗಿರಲಿಲ್ಲ. ಸೀದಾ ಕ್ಯಾಬಿನ್ನಿಗೆ ಹೋದ. ಬಾಗಿಲು ತೆರೆದೇ ಇತ್ತು.

"ಒಂದ ಫೋನ್ ಮಾಡ್ರಿ ಸಾಹೇಬ್ರ. ಸಂಜೀಕ ಆಗ್ತೈತಂತ. ಬಾಯಾರು ಹೇಳಿದ್ರು."

ಸಾಹೇಬರು ಬಾಗಿಲಿನಾಚೆ ಇದ್ದ ನನ್ನನ್ನು ಒಮ್ಮೆ ನೋಡಿ ಅವನ ಕಡೆ ತಿರುಗಿದರು. "ನಾ ತಗದಿಲ್ಲಪಾ ನಿನ್ನ, ಯಂತ್ರ ತಗದೈತಿ. ಪುಣೇಕ ಹೋಗಿ ಅದರ ಮುಂದ ನಿಂತ್ಕೋ. ಗುರ್ತ ಹಿಡದ್ರ ನಾ ಬ್ಯಾಡ ಅನ್ನೂದಿಲ್ಲ. ಅಲ್ಲಿ ಲೈಟ್ ಭಾಳ ಅದಾವು, ನಿನ್ನಂಥಾವನೂ ಕಾಣಸ್ತಾನ."

ಒಳಗೆ ಇಬ್ಬರು ಮೂವರು ನಕ್ಕರು. ಸಾಹೇಬರು ಕೈ ಚಾಚಿ, "ಚಾವಿ" ಎಂದರು. ಒರಲೆ ಹತ್ತದ ಒಣ ಖೋಲಿ ಅದೊಂದೇ ಖಾಲಿ ಇರುವುದು, ಕಾರ್ಡಿನ ಡಬ್ಬಿಗಳಿಗೆ ಬೇಕಂತೆ. ಮುಕಾದಮ ಉಡದಾರದ ಗಂಟು ಬಿಚ್ಚಲು ಹೋದ. ಬೆವರಿಗೆ ಬಿಗಿದಿದ್ದ ಗಂಟು ಬೇಗ ಬಿಚ್ಚಲಿಲ್ಲ. ಸಾಹೇಬರು ಕೈ ಚಾಚಿಕೊಂಡೇ ಇದ್ದರು.

ಮರುದಿನ ನನ್ನ ಮೇಜು ಕ್ಯಾಬಿನ್ನಿನ ಮುಂದಿನಿಂದ ಹಿಂದಿನ ಟಪಾಲು ಖೋಲಿಗೆ ಹೋಯಿತು. ಪುಣೆಯ ಪೆಟ್ಟಿಗೆಗಳನ್ನು ಅಳ್ನಾವರದ ರೈಲಿಗೆ ಕಳಿಸುವುದು, ಬಂದದ್ದನ್ನು ಇಳಿಸಿಕೊಂಡು ಇಡುವುದು ನನ್ನ ಪಾಲಿಗೆ ಬಂತು. ಹಾಗಾಗಿ ಚಾಳದ ಆ ಖೋಲಿಯ ಚಾವಿ ನನ್ನ ಕೈಗೇ ಬಂತು. ಗೋಡೆಯುದ್ದಕ್ಕೂ ಡಬ್ಬಿ ಇಡಲು ಕಟ್ಟಿಗೆಯ ಮಾಡು ಹೊಡೆಸಿ ಜೋಡಿಸಿದರು. ಒಲೆಯೊಂದು ಮೂಲೆಯಲ್ಲಿ ಹಾಗೇ ಇತ್ತು. ಹಾಲು ಉಕ್ಕಿರಲಿಲ್ಲ. ಅದರ ಮೇಲುಗಡೆ ಗೋಡೆಗೆ "ಒಳಗೆ ಬೆಂಕಿ ತರಬಾರದು" ಎಂಬ ಹಲಗೆ ತೂಗುಹಾಕಿದ್ದರು.

ಸ್ವಲ್ಪ ದಿನಕ್ಕೆ ಅವನ ಹೆಂಡತಿ ಬಂದಳು. ಕೈಯಲ್ಲಿ ಅದೇ ಬುಟ್ಟಿ, ಒಂದು ಕಬ್ಬಿಣದ ಹಾರೆ, ಒಂದು ಕಸಬರಿಗೆ.

"ಬಾಗಲಾ ತಗೀರಿ ಬಾಯಾರ. ನನ್ನ ಮಣ್ಣು ಒಯ್ತೇನಿ."

ಯಾರನ್ನೂ ಕೇಳದೆ ತೆಗೆದೆ. ಬಲ್ಬು ಉರಿಯುತ್ತಿತ್ತು. ಆಕೆ ಡಬ್ಬಿಗಳನ್ನು ನೋಡಿದಳು, ಹಲಗೆ ನೋಡಿದಳು, ಸೆರಗು ಸಿಕ್ಕಿಸಿ ಕೂತು ಒಲೆಗೆ ಹಾರೆ ಹಾಕಿದಳು. ಬಹಳ ಗಟ್ಟಿ ಒಲೆ. ಖಾಯಂ ಇರಲಿ ಎಂದು ಕಟ್ಟಿದ್ದು. ಎರಡನೆಯ ಬಾಯಿ ಒಡೆಯುವ ಹೊತ್ತಿಗೆ ಸದ್ದು ಕೇಳಿ ಸಾಹೇಬರು ಬಂದು ಹೊಸ್ತಿಲಲ್ಲಿ ನಿಂತರು. ನನಗೆ ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಆಕೆಗೆ ಹೇಳಿದರು:

"ಸ್ವಚ್ಛ ಬಳದು ಹೋಗಬೇಕ ನೋಡು. ಕಾರ್ಡಿಗೆ ಧೂಳ ಬಿತ್ತಂದ್ರ ಯಂತ್ರ ತಪ್ಪು ಓದ್ತೈತಿ."

ಹೇಳಿ ಹೋದರು. ನನಗೆ ಆ ಹಾರೆ ಕಸಿದುಕೊಂಡು ಬೆನ್ನಟ್ಟಬೇಕು ಅನ್ನಿಸಿತು. ಆಕೆ ಕಸಬರಿಗೆ ಹಿಡಿದು ಬಳಿದಳು. ಮಾಡಿನ ಕೆಳಗೆ ಕೈ ಹಾಕಿ ಬಳಿದಳು, ಮೂಲೆಯಲ್ಲಿ ಉಳಿದ ಪುಡಿಯನ್ನು ಹಸಿ ಅರಿವೆಯಿಂದ ಒರೆಸಿದಳು. ತನ್ನ ಮನೆ ಒರೆಸಿದ ಹಾಗೇ ಒರೆಸಿದಳು.

ಬುಟ್ಟಿ ತಲೆಗೆ ಏರಿಸುವ ಮೊದಲು ಕೇಳಿದಳು, "ನಮ್ಮವ್ರ ಕಾರ್ಡು ಇದ್ರಾಗ ಎಲ್ಲರ ಐತೇನ್ರಿ?"

ಇತ್ತು. ಪೂಜೆಯಾದ ಆ ಮಾದರಿಯ ಕಾರ್ಡನ್ನು ಸಾಹೇಬರು ಮೊದಲನೆಯ ಡಬ್ಬಿಯ ಮೇಲೆ ಇಡಿಸಿದ್ದರು. ತೆಗೆದು ಕೊಟ್ಟೆ. ಕುಂಕುಮ ಒಣಗಿ ಕಪ್ಪಾಗಿತ್ತು. ಆಕೆಗೆ ಓದಲು ಬಾರದು. ತಲೆಯ ಮೇಲಿನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಾಡಿಸಿದಳು. ಬಲ್ಬಿಗೆ ಹಿಡಿದು ತೂತುಗಳನ್ನು ನೋಡಿದಳು. ಒಯ್ಯಿರಿ, ಯಾರೂ ಕೇಳುವುದಿಲ್ಲ ಎಂದೆ.

"ಬ್ಯಾಡ್ರಿ" ಎಂದು ಅದನ್ನು ಇದ್ದ ಜಾಗದಲ್ಲೇ ನೆಟ್ಟಗೆ ಇಟ್ಟಳು. "ಇದಾದ್ರೂ ಇರ್ಲಿ ಇಲ್ಲಿ, ಬೆಚ್ಚಗ."

ಬುಟ್ಟಿಗೆ ಕೈ ಹಚ್ಚಿದೆ. ಒಡೆದ ಮಣ್ಣು ಕಟ್ಟಿದ ಮಣ್ಣಿಗಿಂತ ಭಾರ ಅನ್ನಿಸಿತು. ಆಕೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಲ್ಬು ಆರಿಸಬಾರದೆಂದು ಪುಣೆಯವರ ಷರತ್ತು ಇತ್ತಲ್ಲ, ಆರಿಸದೆ ಬೀಗ ಹಾಕಿದೆ.